ಹಣ ಕೊಟ್ಟು ಕಿತ್ತರೆ ಹವ್ಯಾಸ, ಕೊಡದೆ ಕಿತ್ತರೆ ಕಳವು

ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿರುವ ನನ್ನ ಅಕ್ಕನ ಮಗಳು ಮೇ ತಿಂಗಳ ಒಂದು ಭಾನುವಾರ ಫೋಟೊ ಕಳಿಸಿದಳು. ಗಂಡ, ಹೆಂಡತಿ, ಆರು ವರ್ಷದ ಮಗ ಮೂವರೂ ಕೆಸರು ಮೆತ್ತಿದ ಬೂಟು ಹಾಕಿಕೊಂಡು ಹೊಲದ ನಡುವೆ ನಿಂತಿದ್ದಾರೆ. ಮಗುವಿನ ತೋಳಲ್ಲಿ ಅದರಷ್ಟೇ ಉದ್ದದ ಒಂದು ಕಟ್ಟು. ದಂಟಿನ ಸೊಪ್ಪಿನ ಹಾಗೆ ಕೆಂಪು ಕಾಂಡ, ಮೇಲೆ ಕೆಸುವಿನ ಎಲೆಯಷ್ಟು ಅಗಲದ ಹಸಿರು. 'ಚಿಕ್ಕಮ್ಮಾ, ಇದಕ್ಕೆ ರೂಬಾರ್ಬ್ ಅಂತಾರೆ. ನಾವೇ ಹೊಲಕ್ಕೆ ಹೋಗಿ ಕಿತ್ತಿದ್ದು. ಒಳಗೆ ಹೋಗೋಕೆ ದುಡ್ಡು, ಕಿತ್ತಿದ್ದನ್ನ ತೂಕ ಹಾಕಿ ಇನ್ನೊಂದಿಷ್ಟು ದುಡ್ಡು. ಅಜ್ಜಿ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು ಅಲ್ವಾ?' ಎಂದು ಕೆಳಗೆ ಬರೆದಿದ್ದಳು.

ರಾತ್ರಿ ಫೋನು ಮಾಡಿದಾಗ ಹೊಲದವನು ಕಲಿಸಿದ್ದನ್ನೆಲ್ಲ ಹೇಳಿದಳು. ಚಾಕು ಹಾಕಬಾರದಂತೆ, ಕಾಂಡವನ್ನು ಬುಡದಲ್ಲಿ ಹಿಡಿದು ಸ್ವಲ್ಪ ತಿರುಚಿ ಎಳೆಯಬೇಕಂತೆ. ಒಂದೇ ಗಿಡದಿಂದ ಎಲ್ಲ ಕಾಂಡ ಎಳೆಯಬಾರದಂತೆ. ನೆಟ್ಟ ಮೊದಲ ವರ್ಷ ಮುಟ್ಟಲೇಬಾರದಂತೆ. ಎಲೆಯನ್ನು ಮಾತ್ರ ಅಲ್ಲೇ ಬಿಸಾಕಿ ಬರಬೇಕು, ಅದರಲ್ಲಿ ಆಕ್ಸಾಲಿಕ್ ಆಮ್ಲ ಇರುವುದರಿಂದ ವಿಷ. ಹುಳಿ ಕಾಂಡವನ್ನು ಸಕ್ಕರೆ ಹಾಕಿ ಬೇಯಿಸಿ ತಿನ್ನುತ್ತಾರೆ. ಅವಳಿರುವ ಯಾರ್ಕ್‌ಶೈರ್ ಸೀಮೆ ಈ ಬೆಳೆಗೇ ಹೆಸರಾದದ್ದು. ಚಳಿಗಾಲದಲ್ಲಿ ಕತ್ತಲೆಯ ಕೊಟ್ಟಿಗೆಗಳಲ್ಲಿ ಬೆಳೆಸಿ ಮೇಣದಬತ್ತಿಯ ಬೆಳಕಲ್ಲಿ ಕೀಳುವ ಅಲ್ಲಿನ ರೂಬಾರ್ಬಿಗೆ 2010ರಲ್ಲಿ ಯುರೋಪಿನ ಸ್ಥಳನಾಮದ ಮಾನ್ಯತೆಯೂ ಸಿಕ್ಕಿದೆ. ನಮಗೂ ಅದು ತೀರ ಅಪರಿಚಿತವಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಹೊಟ್ಟೆ ಶುದ್ಧಿಗೆ ಕೊಡುವ ರೇವಲ್ಚಿನ್ನಿ ಅದೇ ಜಾತಿಯ ಗಿಡದ ಒಣಗಿದ ಬೇರು. ನಾವು ಬೇಳೆಗೆ ಹಾಕಿ ಬೇಯಿಸುವ ಚುಕ್ಕೆ ಸೊಪ್ಪು ಅದೇ ಕುಟುಂಬದ್ದು.

ಅವಳು ಹೇಳಿದ ಹಾಗೆ ನನ್ನ ಅಮ್ಮ ಇದ್ದಿದ್ದರೆ ನಗುತ್ತಿದ್ದಳೋ ಏನೋ. ನನಗಂತೂ ನಗು ಬರಲಿಲ್ಲ. ಅದಕ್ಕೆ ಕಾರಣ ಅದೇ ವಾರ ನನ್ನ ಕಣ್ಣೆದುರು ನಡೆದ ಒಂದು ಸಣ್ಣ ಪ್ರಸಂಗ.

ನಾನು ಬ್ಯಾಟರಾಯನಪುರದವಳು. ಬೆಳಗ್ಗೆ ನಡೆಯಲು ಹೋಗುವ ಕೆರೆಯೊಂದಿದೆ. ಯಾವ ಕೆರೆ ಎಂದು ಹೇಳುವುದಿಲ್ಲ. ಉತ್ತರ ಬೆಂಗಳೂರಿನ ಯಾವ ಕೆರೆಯನ್ನಾದರೂ ಊಹಿಸಿಕೊಳ್ಳಿ, ಕಥೆ ಬದಲಾಗುವುದಿಲ್ಲ. ಸುತ್ತ ಬೇಲಿ, ಒಂದು ಗೇಟು, ನಡೆಯುವವರಿಗೆ ಹಾದಿ, ಕಲ್ಲುಬೆಂಚು, ಏನೇನು ಮಾಡಬಾರದು ಎಂಬ ಬೋರ್ಡು. ಆ ದಿನ ಗೇಟಿನ ಹತ್ತಿರ ಸೆಕ್ಯುರಿಟಿಯವನು ಒಬ್ಬ ಅಜ್ಜಿಯನ್ನು ತಡೆದು ನಿಲ್ಲಿಸಿದ್ದ. ನಮ್ಮ ರಸ್ತೆಗೆ ವಾರಕ್ಕೆ ಎರಡು ಸಲ ಬೆರಕೆ ಸೊಪ್ಪು ಹೊತ್ತು ತರುವ ಅಜ್ಜಿ. ಸೀರೆಯ ಸೆರಗನ್ನು ಮಡಿಲು ಮಾಡಿ ಕಟ್ಟಿಕೊಂಡಿದ್ದಳು. ಮಡಿಲ ತುಂಬ ಹೊನಗೊನ್ನೆ, ಅಣ್ಣೆ, ಒಂದಿಷ್ಟು ಗಣಿಕೆ. 'ಸುರಿ ಇಲ್ಲಿ' ಎಂದ. 'ಬಿಡಪ್ಪಾ, ಸೊಪ್ಪು ತಾನೇ' ಎಂದಳು. 'ಸೊಪ್ಪೋ ಗಿಪ್ಪೋ, ಇಲ್ಲಿ ಏನೂ ಕೀಳಂಗಿಲ್ಲ. ಕಂಪ್ಲೇಂಟ್ ಬಂದೈತೆ' ಎಂದ. ಅಜ್ಜಿ ಕೂತು, ಮಡಿಲು ಬಿಚ್ಚಿ, ಸೊಪ್ಪನ್ನು ಹಾದಿಯ ಅಂಚಿಗೆ ಸುರಿದಳು. ಆಮೇಲೆ ಎರಡೂ ಕೈ ಒದರಿ ತೋರಿಸಿದಳು, ಏನೂ ಇಲ್ಲ ಎಂಬಂತೆ.

ನಾನು ಬಾಯಿ ಬಿಡಲಿಲ್ಲ. ಕಂಪ್ಲೇಂಟ್ ಕೊಟ್ಟದ್ದು ಯಾರೆಂದು ನನಗೆ ಗೊತ್ತಿತ್ತು. ವಾಕಿಂಗ್ ಬರುವವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಅವಳ ಬೆನ್ನಿನ ಫೋಟೊ ಹಾಕಿ 'ಕೆರೆಯ ಗಿಡಗಳನ್ನು ಕದಿಯಲಾಗುತ್ತಿದೆ' ಎಂದು ಬರೆದಿದ್ದರು. ಹದಿನೈದು ಹೆಬ್ಬೆರಳುಗಳು ಬಿದ್ದಿದ್ದವು. ಹಾಗೆ ಬರೆದವರು ಹಿಂದಿನ ತಿಂಗಳಷ್ಟೇ ಇದೇ ಗುಂಪಿನಲ್ಲಿ ಬೇರೆ ಫೋಟೊ ಹಾಕಿದ್ದರು: ಬಳ್ಳಾರಿ ರಸ್ತೆಯಾಚೆಯ ಒಂದು ತೋಟದಲ್ಲಿ ಮಕ್ಕಳ ಕೈಯಿಂದ ದ್ರಾಕ್ಷಿ ಕೀಳಿಸಿದ್ದು. ಅದಕ್ಕೆ ಇನ್ನೂ ಹೆಚ್ಚು ಹೆಬ್ಬೆರಳು. ಕೆರೆಗೆ ಬೇಲಿ ಹಾಕಿ, ಕಾವಲು ಇಡಿ ಎಂದು ವರ್ಷಗಳ ಹಿಂದೆ ಕೊಟ್ಟ ಅರ್ಜಿಯಲ್ಲಿ ನನ್ನ ಸಹಿಯೂ ಇದೆ.

ಕೀಳುವುದು ತಪ್ಪೆಂದು ನಾವು ಯಾರೂ ನಂಬಿಲ್ಲ. ಕೀಳಲು ಹಣ ಕೊಡುತ್ತೇವೆ, ಮಕ್ಕಳಿಗೆ ಕಲಿಸುತ್ತೇವೆ, ಫೋಟೊ ತೆಗೆಯುತ್ತೇವೆ. ನಮಗೆ ತಪ್ಪಾಗಿ ಕಾಣುವುದು ಟಿಕೆಟ್ ಇಲ್ಲದೆ ಕೀಳುವುದು. ಅದನ್ನು ಪರಿಸರ ಕಾಳಜಿ ಎಂದು ಕರೆದುಕೊಳ್ಳುತ್ತಿದ್ದೇವೆ. ನನ್ನ ತಕರಾರು ಇದರ ಮೇಲೆ.

*

ದ್ರಾಕ್ಷಿ ತೋಟಕ್ಕೆ ನಾನೂ ಹೋಗಿದ್ದೇನೆ, ಸ್ನೇಹಿತೆಯ ಮೊಮ್ಮಕ್ಕಳ ಜೊತೆ. ಗೇಟಿನಲ್ಲಿ ಟಿಕೆಟ್, ಕೈಗೊಂದು ಬುಟ್ಟಿ, ಕತ್ತರಿ. ಚಪ್ಪರದಲ್ಲಿ ನಮಗೆಂದು ಬಿಟ್ಟ ನಾಲ್ಕು ಸಾಲು, ಅದರಾಚೆ ಒಂದು ಹಗ್ಗ. ಹಗ್ಗದ ಈಚೆ ನಾವು ಅರ್ಧ ತಾಸು ದ್ರಾಕ್ಷಿ ಕತ್ತರಿಸಿ ಬೆವರಿದೆವು, ನಕ್ಕೆವು, ಕಬ್ಬಿನ ಹಾಲು ಕುಡಿದೆವು. ಹಗ್ಗದ ಆಚೆ ತಲೆಗೆ ಟವೆಲ್ ಸುತ್ತಿಕೊಂಡ ಆರೇಳು ಹೆಂಗಸರು ಬೆಳಗಿನಿಂದ ಕತ್ತೆತ್ತಿ ಅದೇ ಕೆಲಸ ಮಾಡುತ್ತಿದ್ದರು. ನಮ್ಮ ಗುಂಪಿನ ಟಿಕೆಟ್ ಹಣ ಅವರಲ್ಲಿ ಒಬ್ಬಳ ದಿನದ ಕೂಲಿಗಿಂತ ಹೆಚ್ಚು. ಒಂದೇ ಗೊಂಚಲು, ಒಂದೇ ಕತ್ತರಿ. ಒಬ್ಬಳು ಕೀಳಲು ಹಣ ಕೊಡುತ್ತಾಳೆ, ಇನ್ನೊಬ್ಬಳು ಹಣಕ್ಕಾಗಿ ಕೀಳುತ್ತಾಳೆ. ಅಕ್ಕನ ಮಗಳ ದೇಶದಲ್ಲೂ ಹೀಗೇ. 2019ರಿಂದ ಅಲ್ಲಿ ಹಂಗಾಮಿ ಕೆಲಸಕ್ಕೆಂದೇ ಬೇರೆ ವೀಸಾ ಇದೆ. ದೂರದ ದೇಶಗಳಿಂದ ಬಂದವರು ಆರು ತಿಂಗಳು ಹಣ್ಣು ಕಿತ್ತು ವಾಪಸಾಗುತ್ತಾರೆ. ಭಾನುವಾರ ಅಲ್ಲಿನ ಕುಟುಂಬಗಳು ಅಂಥದೇ ಸಾಲುಗಳಲ್ಲಿ ಬುಟ್ಟಿ ಹಿಡಿದು ಓಡಾಡುತ್ತವೆ.

ನನ್ನ ಮಾತನ್ನು ತೋಟದ ರೈತನ ಮೇಲಿನ ದೂರೆಂದು ತಿಳಿಯಬೇಡಿ. ಅವನ ಲೆಕ್ಕ ನನಗೆ ಅರ್ಥವಾಗುತ್ತದೆ. ನಮ್ಮ ಕಡೆಯ ಕಪ್ಪು ದ್ರಾಕ್ಷಿ, ಬೆಂಗಳೂರು ಬ್ಲೂ, ಭೌಗೋಳಿಕ ಸೂಚಿಕೆ ಪಡೆದ ಬೆಳೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ತೋಟಗಳಲ್ಲಿ ಬೆಳೆಯುತ್ತದೆ. ಬಿಡಿಸಿದ ಮೇಲೆ ಹೆಚ್ಚು ದಿನ ತಡೆಯುವ ಹಣ್ಣಲ್ಲ, ವ್ಯಾಪಾರಿ ಹೇಳಿದ್ದೇ ಬೆಲೆ. 2020ರ ಲಾಕ್‌ಡೌನಿನಲ್ಲಿ ಕೊಳ್ಳುವವರಿಲ್ಲದೆ ಚಿಕ್ಕಬಳ್ಳಾಪುರದ ಬೆಳೆಗಾರರು ಹಣ್ಣನ್ನು ತೋಟದಲ್ಲೇ ಕೊಳೆಯಲು ಬಿಟ್ಟದ್ದನ್ನು ನಾವೆಲ್ಲ ನೋಡಿದ್ದೇವೆ. ಅಂಥ ರೈತ ಗೇಟು ತೆರೆದು 'ಬನ್ನಿ, ನೀವೇ ಕಿತ್ತುಕೊಳ್ಳಿ' ಎಂದರೆ ಅದು ಅವನ ಜಾಣತನ. ದಲ್ಲಾಳಿಗೆ ಹೋಗುವ ಹಣ ಅವನ ಕೈಗೆ ಬರಲಿ. ಆ ಜಮೀನು ಜಮೀನಾಗಿಯೇ ಉಳಿಯಲಿಕ್ಕೆ ಅದೂ ಒಂದು ದಾರಿ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆಯನ್ನು ಕೈಗಾರಿಕೆಗೆ ಬಿಟ್ಟುಕೊಡುವುದಿಲ್ಲವೆಂದು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈಯಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಆ ಮಣ್ಣಿನ ಬೆಲೆ ಏನೆಂದು ಅವರಿಗೆ ಗೊತ್ತು.

ನನ್ನ ಜಗಳ ನಮ್ಮ ಜೊತೆಗೇ, ಬುಟ್ಟಿ ಹಿಡಿದವರ ಜೊತೆ. ಆ ದಿನ ತೋಟದಿಂದ ಹೊರಡುವಾಗ ಸ್ನೇಹಿತೆ 'ಮಕ್ಕಳಿಗೆ ಊಟ ಎಲ್ಲಿಂದ ಬರತ್ತೆ ಅಂತ ಗೊತ್ತಾಯ್ತು ಬಿಡು' ಎಂದಳು. ಏನು ಗೊತ್ತಾಯಿತು? ಯಾವ ಗೊಂಚಲು ಮಾಗಿದೆ ಎಂದು ನಾವು ಯಾರೂ ನೋಡಿ ಹೇಳಲಿಲ್ಲ. ಮಾಗಿದ ಸಾಲನ್ನು ಮೊದಲೇ ಆರಿಸಿ, ಹುಳುಕು ಗೊಂಚಲು ತೆಗೆದು, ನಮಗಾಗಿ ಸಿದ್ಧ ಮಾಡಿದವರು ಹಗ್ಗದಾಚೆಯ ಹೆಂಗಸರು. ಅವರಲ್ಲಿ ಒಬ್ಬರನ್ನೂ ಮಕ್ಕಳು ಮಾತಾಡಿಸಲಿಲ್ಲ, ನಾವೂ ಮಾತಾಡಿಸಿ ಎನ್ನಲಿಲ್ಲ.

ಅಕ್ಕನ ಮಗಳ ರೂಬಾರ್ಬ್ ಇದಕ್ಕಿಂತ ಮೇಲು. ತಿರುಚಿ ಎಳೆ, ಎಲೆ ತಿನ್ನಬೇಡ, ಗಿಡಕ್ಕೆ ಉಳಿಸು ಎಂದು ಹೊಲದವನು ಮೂರು ಮಾತು ಕಲಿಸಿ ಕಳಿಸಿದ್ದಾನೆ. ಕೀಳುವುದಕ್ಕೆ ಒಂದು ತಿಳಿವಳಿಕೆ ಬೇಕು ಎಂದು ಅವಳಿಗೆ ಗೊತ್ತಾಗಿದೆ. ನಮ್ಮ ಊರಿನಲ್ಲಿ ಆ ತಿಳಿವಳಿಕೆಯ ಮಡಿಲನ್ನು ಗೇಟಿನಲ್ಲಿ ಸುರಿಸಿಕೊಳ್ಳುತ್ತಾರೆ.

*

ನನ್ನ ಅಮ್ಮ ಆ ತಿಳಿವಳಿಕೆಯವಳು. ನಮಗೆ ಹೊಲವಿರಲಿಲ್ಲ. 80ರ ದಶಕದಲ್ಲಿ ಬ್ಯಾಟರಾಯನಪುರ ಇನ್ನೂ ಹಳ್ಳಿಯೇ. ಹಿಂದೆ ಅಮೃತಹಳ್ಳಿ, ಜಕ್ಕೂರಿನ ಕಡೆಗೆ ರಾಗಿ ಹೊಲ, ಅವರೆ ಸಾಲು, ಅಲ್ಲಲ್ಲಿ ದ್ರಾಕ್ಷಿ ಚಪ್ಪರ, ಕೆರೆಯಂಗಳ. ರಸ್ತೆಯಾಚೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ. ಮುಂಗಾರಿನ ಮೊದಲ ಎರಡು ಮಳೆ ಬಿದ್ದು ಹದಿನೈದು ದಿನ ಆಯಿತೆಂದರೆ ಅಮ್ಮ ನಮ್ಮಿಬ್ಬರನ್ನು ಕರೆದುಕೊಂಡು ಹೊರಡುತ್ತಿದ್ದಳು. ಅಣ್ಣೆ ಸೊಪ್ಪನ್ನು ತೆನೆ ಬಿಡುವ ಮೊದಲೇ ಕುಡಿ ಚಿವುಟಬೇಕು. ಚಿವುಟಿದಲ್ಲಿ ಎರಡು ಕವಲು ಒಡೆಯುತ್ತದೆ, ಮುಂದಿನ ವಾರಕ್ಕೆ ಆಯಿತು. ಹೊನಗೊನ್ನೆ ನೀರಿನ ಪಸೆ ಇರುವಲ್ಲಿ ಹರಡುತ್ತದೆ, ಬೇರು ಸಮೇತ ಎಳೆಯಬಾರದು. ಗಣಿಕೆಯ ಹಸಿರು ಕಾಯಿ ಬಾಯಿಗೆ ಹಾಕಬಾರದು, ಕಪ್ಪಾದ ಮೇಲೆ ತಿನ್ನಬಹುದು. ಗೋಣಿ ಸೊಪ್ಪು ಹುಳಿ, ಒಂದು ಹಿಡಿಗಿಂತ ಹೆಚ್ಚು ಬೇಡ. ಕನ್ನೆ ಸೊಪ್ಪು, ಚಿಲಕರಿವೆ ಎಷ್ಟಾದರೂ ಸರಿ. ಬೆರಕೆ ಎಂದರೆ ಸಿಕ್ಕಿದ್ದನ್ನೆಲ್ಲ ತುಂಬುವುದಲ್ಲ. ಯಾವುದೂ ಇನ್ನೊಂದರ ರುಚಿಯನ್ನು ನುಂಗದ ಹಾಗೆ ಅಳತೆ ಮಾಡಿ ಕೂಡಿಸುವುದು. ಆ ರಾತ್ರಿ ಮಸ್ಸೊಪ್ಪು, ಮುದ್ದೆ.

ರಾಗಿ ಹೊಲದಲ್ಲಿ ಅಣ್ಣೆ ಸೊಪ್ಪು ಕಳೆ. ಕೃಷಿ ಪುಸ್ತಕದಲ್ಲಿ ಅದನ್ನು ಹೇಗೆ ನಿರ್ಮೂಲ ಮಾಡಬೇಕೆಂದು ಬರೆದಿರುತ್ತದೆ. ತಪ್ಪೇನಿಲ್ಲ, ರಾಗಿಯ ದೃಷ್ಟಿಯಿಂದ ಅದು ಕಳೆಯೇ. 1899ರಲ್ಲಿ ಮೈಸೂರಿನ ಮಹಾರಾಣಿ ಕೊಟ್ಟ 30 ಎಕರೆಯಲ್ಲಿ ಹೆಬ್ಬಾಳದ ಪ್ರಯೋಗ ಕ್ಷೇತ್ರ ಶುರುವಾದಾಗಿನಿಂದ ನಮ್ಮ ಈ ಭಾಗದ ಮಣ್ಣಿನಲ್ಲಿ ಬೆಳೆ ಯಾವುದು, ಕಳೆ ಯಾವುದು ಎಂಬ ಅಧ್ಯಯನ ನಡೆದಿದೆ. ಹೆಬ್ಬಾಳ ಅವರೆ ಎಂಬ ತಳಿಗಳು ಇಲ್ಲಿಂದಲೇ ನಾಡಿಗೆ ಹೋದವು. ಆದರೆ ಬೆಳೆಯವನಿಗೆ ಬೇಡವಾದ ಗಿಡ ಬಡವರ ಊಟವಾಗಿ ಇಬ್ಬರಿಗೂ ಅನುಕೂಲವಾಗುತ್ತಿದ್ದ ಒಂದು ಏರ್ಪಾಡು ಈ ಹೊಲಗಳಲ್ಲಿತ್ತು. ಅಮ್ಮ ಸೊಪ್ಪು ಕಿತ್ತರೆ ಹೊಲದ ಕಳೆ ಕಡಿಮೆಯಾಗುತ್ತಿತ್ತು. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಉದುರಿದ ತೆನೆ, ಕಾಳು ಆಯ್ದುಕೊಳ್ಳುವುದಕ್ಕೆ ಕನ್ನಡದಲ್ಲಿ ಒಂದು ಪದವೇ ಇದೆ: ಹಕ್ಕಲು. ಹಕ್ಕಲಾಯುವವರನ್ನು ಕಳ್ಳರೆಂದು ಯಾರೂ ಕರೆಯುತ್ತಿರಲಿಲ್ಲ. ಹಕ್ಕು ಎಂಬ ಮಾತು ಅರಬ್ಬಿಯಿಂದ ನಮಗೆ ಬಂದದ್ದು, ಹಕ್ಕಲು ನಮ್ಮದೇ, ಎರಡಕ್ಕೂ ನಂಟಿಲ್ಲ. ಆದರೂ ಈಗೀಗ ನನಗೆ ಒಂದು ಕೇಳಿದರೆ ಇನ್ನೊಂದು ನೆನಪಾಗುತ್ತದೆ.

ಇಲ್ಲಿ ನಾನು ಎಚ್ಚರ ತಪ್ಪಬಾರದು. 'ಹಿಂದೆ ಎಲ್ಲ ಚೆನ್ನಾಗಿತ್ತು' ಎಂಬ ಹಾಡು ಹಾಡಲು ನಾನು ಬಂದಿಲ್ಲ. ಹಳ್ಳಿಯಲ್ಲಿ ಯಾರು ಯಾರ ಹೊಲಕ್ಕೆ ಕಾಲಿಡಬಹುದು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಕೆಲವರ ಬದುವಿನಲ್ಲಿ ಅಮ್ಮ ಸಲೀಸಾಗಿ ಬಗ್ಗುತ್ತಿದ್ದಳು; ಕೆಲವರ ಬದುವಿನಲ್ಲಿ ದೂರದಿಂದಲೇ ಕೂಗಿ ಕೇಳಿ, ಅವರು ಹೂಂ ಎನ್ನುವವರೆಗೆ ನಿಲ್ಲುತ್ತಿದ್ದಳು. ಒಂದು ಸಲ ಹೊಲದ ಯಜಮಾನಿ ನಮ್ಮೆದುರೇ 'ಮಕ್ಕಳನ್ನೂ ಕಟ್ಕೊಂಡು ಬಂದ್ಬಿಟ್ಳು ಮೇಯಕ್ಕೆ' ಎಂದದ್ದು ನನಗೆ ನೆನಪಿದೆ. ಅಮ್ಮ ಕಿತ್ತ ಸೊಪ್ಪನ್ನು ಅಲ್ಲೇ ಬದುವಿನ ಮೇಲಿಟ್ಟು ನಮ್ಮ ಕೈ ಹಿಡಿದು ಬಂದಳು. ಆ ದಿನ ಮನೆಯಲ್ಲಿ ಬರೀ ಹುರುಳಿ ಸಾರು. ಹಕ್ಕಲು ಎನ್ನುವುದು ಕೂಡ ಬಹಳ ಕಡೆ ದುಡಿದವನಿಗೆ ನ್ಯಾಯವಾದ ಕೂಲಿ ಕೊಡದೆ ಉದುರಿದ್ದನ್ನು ಆಯ್ದುಕೋ ಎನ್ನುವ ಧಣಿಯ ದೊಡ್ಡಸ್ತಿಕೆಯಾಗಿತ್ತು. ಅದು ವಾಪಸು ಬರುವುದು ಬೇಡ.

ಗೇಟಿನಲ್ಲಿ ಅಜ್ಜಿ ಕೈ ಒದರಿ ತೋರಿಸಿದಾಗ ನನಗೆ ಕಂಡದ್ದು ಅಮ್ಮ ಬದುವಿನ ಮೇಲೆ ಸೊಪ್ಪು ಇಟ್ಟು ಬಂದ ಆ ದಿನ. ಆಗ ಅವಮಾನ ಮಾಡಿದವಳಿಗೆ ಸ್ವಂತ ಹೊಲವಾದರೂ ಇತ್ತು. ಈ ಕೆರೆ ಯಾರ ಸ್ವಂತವೂ ಅಲ್ಲ. ನಲವತ್ತು ವರ್ಷದಲ್ಲಿ ನಾನು ಓದಿ, ಕೆಲಸ ಹಿಡಿದು, ಮನೆ ಕಟ್ಟಿ, ಬೇಲಿಯ ಒಳಗಿನವಳಾದೆ. ಯಜಮಾನಿಯ ಜಾಗದಲ್ಲಿ ಈಗ ನಾನು ನಿಂತಿದ್ದೇನೆ.

*

ಈ ಜಾಗ ಹೇಗೆ ಬದಲಾಯಿತೆಂದು ಎರಡು ಮಾತಲ್ಲಿ ಹೇಳಿಬಿಡಬಹುದು. ನಗರಸಭೆಯಾಗಿದ್ದ ಬ್ಯಾಟರಾಯನಪುರ 2007ರಲ್ಲಿ, ಯಲಹಂಕ, ದಾಸರಹಳ್ಳಿ ಮುಂತಾದ ಇತರ ನಗರಸಭೆಗಳು ಮತ್ತು 110 ಹಳ್ಳಿಗಳ ಜೊತೆಗೆ ಬಿಬಿಎಂಪಿಗೆ ಸೇರಿತು. ಮರುವರ್ಷ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಬಳ್ಳಾರಿ ರಸ್ತೆಯ ಎರಡೂ ಬದಿಯ ಹೊಲಗಳು ಲೇಔಟ್ ಆದವು. ಸೊಪ್ಪು ಕೀಳುವವರಿಗೆ ಉಳಿದದ್ದು ಖಾಲಿ ಸೈಟುಗಳು ಮತ್ತು ಕೆರೆಯಂಗಳ. ಸೈಟುಗಳಲ್ಲಿ ಮನೆ ಎದ್ದವು. ಕೆರೆಗಳನ್ನು ಒತ್ತುವರಿಯಿಂದ ಉಳಿಸಬೇಕೆಂದು ಬೇಲಿ ಬಂತು.

ಬೇಲಿ ಬೇಕಿತ್ತು, ಒಪ್ಪುತ್ತೇನೆ. ಬೇಲಿ ಇಲ್ಲದಿದ್ದರೆ ಕೆರೆಯೇ ಇರುತ್ತಿರಲಿಲ್ಲ. ಆದರೆ ಬೇಲಿ ಯಾರನ್ನು ತಡೆಯಲು? ಲಾರಿಯಲ್ಲಿ ಕಟ್ಟಡದ ಮಣ್ಣು ತಂದು ಸುರಿಯುವವನನ್ನೋ, ಮಡಿಲಲ್ಲಿ ಸೊಪ್ಪು ಕಟ್ಟಿಕೊಂಡವಳನ್ನೋ? ಕೆರೆ ಎಂದರೆ ಟಿಕೆಟ್ ಇಟ್ಟು ನಡೆಸುವ ಮನರಂಜನೆಯ ಜಾಗ ಎಂಬ ಆಲೋಚನೆಯನ್ನು ಉತ್ತರ ಬೆಂಗಳೂರು ಒಮ್ಮೆ ನೋಡಿದೆ. ಹೆಬ್ಬಾಳ, ನಾಗವಾರದ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿದ್ದರು. ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿಗೆ ಹೋಯಿತು. 2012ರ ತೀರ್ಪು ಕೆರೆಗಳನ್ನು ಹೀಗೆ ಖಾಸಗಿಗೆ ಒಪ್ಪಿಸುವುದಕ್ಕೆ ತಡೆ ಹಾಕಿತು. ಆಗ ನಾವೆಲ್ಲ 'ಕೆರೆ ಸಾರ್ವಜನಿಕರದ್ದು' ಎಂದು ಸಂಭ್ರಮಪಟ್ಟೆವು. ಸೊಪ್ಪಿನ ಅಜ್ಜಿ ಆ ಸಾರ್ವಜನಿಕರಲ್ಲಿ ಸೇರುತ್ತಾಳೋ ಇಲ್ಲವೋ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಗುಂಪಿನಲ್ಲಿ ನಾನು ಈ ವಿಷಯ ಎತ್ತಿದಾಗ ಮೂರು ಆಕ್ಷೇಪ ಬಂದವು. ಮೂರನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ.

ಮೊದಲನೆಯದು: ಎಲ್ಲರೂ ಕಿತ್ತರೆ ಕೆರೆಯಲ್ಲಿ ಏನು ಉಳಿಯುತ್ತದೆ? ಎಲ್ಲರೂ ಕೀಳುವುದಿಲ್ಲ. ನಮ್ಮಲ್ಲಿ ಎಷ್ಟು ಜನಕ್ಕೆ ಹೊನಗೊನ್ನೆ ಗುರುತಿದೆ? ಕೀಳುವವರು ವಾರವಾರವೂ ಅದೇ ಜಾಗಕ್ಕೆ ಬರುವವರು. ಬೇರು ಕಿತ್ತರೆ ಮೊದಲು ನಷ್ಟ ಅವರಿಗೇ. ಸಾಮುದಾಯಿಕ ಸಂಪನ್ಮೂಲವನ್ನು ಬಳಸುವ ಜನ ತಾವೇ ಕಟ್ಟಳೆ ಮಾಡಿಕೊಂಡು ಕಾಯಬಲ್ಲರು ಎಂದು ಲೋಕದ ಹಲವು ಕಡೆಯ ಉದಾಹರಣೆ ಕೊಟ್ಟು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಕುಡಿ ಚಿವುಟು, ಬೇರು ಬಿಡು ಎಂಬ ಅಮ್ಮನ ಮಾತು ಅಂಥದೇ ಕಟ್ಟಳೆ. ಕೆರೆಯಂಗಳವನ್ನು ಬೋಳಿಸುವುದು ಇಂಥವರ ಬೆರಳಲ್ಲ. ಸಸಿ ನೆಟ್ಟು ಲಾನ್ ಮಾಡುತ್ತೇವೆಂದು ವರ್ಷಕ್ಕೆರಡು ಸಲ ಓಡಿಸುವ ಹುಲ್ಲು ಕತ್ತರಿಸುವ ಯಂತ್ರ. ಅದು ಅಣ್ಣೆ, ಕನ್ನೆ, ಗಣಿಕೆ ಎಲ್ಲವನ್ನೂ ಒಂದೇ ಬಾರಿಗೆ ಮುಗಿಸಿ ಕಸದ ಗಾಡಿಗೆ ಹಾಕುತ್ತದೆ. ಅದಕ್ಕೆ ಯಾರೂ ಕಂಪ್ಲೇಂಟ್ ಕೊಟ್ಟದ್ದಿಲ್ಲ.

ಎರಡನೆಯದು: ಕೆರೆಯ ನೀರು ಕೊಳಚೆ, ಆ ಸೊಪ್ಪು ಆರೋಗ್ಯಕ್ಕೆ ಕೆಟ್ಟದ್ದು. ಇದು ಮೂರರಲ್ಲಿ ಗಟ್ಟಿಯಾದ ಮಾತು. ಕೊಳಚೆ ಮತ್ತು ಕಾರ್ಖಾನೆಯ ನೀರು ಸೇರುವಲ್ಲಿ ಬೆಳೆದ ಸೊಪ್ಪಿಗೆ ಸೀಸ, ಕ್ಯಾಡ್ಮಿಯಂನಂಥ ಲೋಹ ಸೇರುತ್ತದೆ, ತೊಳೆದರೆ ಹೋಗುವುದಿಲ್ಲ. ಆದರೆ ಕೊಳಚೆ ಬಿಟ್ಟವರು ಯಾರು? ಕೆರೆಯ ಸುತ್ತಲಿನ ನಮ್ಮ ಮನೆಗಳು, ಅಪಾರ್ಟ್‌ಮೆಂಟುಗಳು. ನಮ್ಮ ಮೋರಿ ನೀರನ್ನು ಕೆರೆಗೆ ಬಿಟ್ಟು, ಆಮೇಲೆ ಅಜ್ಜಿಯ ಆರೋಗ್ಯದ ನೆಪ ಹೇಳಿ ಅವಳ ಮಡಿಲು ಸುರಿಸುವುದು ಯಾವ ನ್ಯಾಯ? ನಿಜವಾದ ಕಾಳಜಿಯಿದ್ದರೆ ಮಣ್ಣು, ನೀರು ಪರೀಕ್ಷೆ ಮಾಡಿಸಿ, ಯಾವ ಅಂಚು ಶುದ್ಧ, ಯಾವ ಅಂಚು ಅಪಾಯ ಎಂದು ಕನ್ನಡದಲ್ಲಿ ಬೋರ್ಡು ಹಾಕೋಣ. ಓದು ಬಾರದವರಿಗೆ ಕರೆದು ಹೇಳೋಣ. ಅಪಾಯ ಇರುವಲ್ಲಿ ಕೀಳಬೇಡಿ ಎಂದರೆ ಅವರೂ ಕೇಳುತ್ತಾರೆ. ಅವರು ಮಾರುವುದು ಮಾತ್ರವಲ್ಲ, ಮನೆಯಲ್ಲಿ ತಿನ್ನುವುದೂ ಅದನ್ನೇ.

ಮೂರನೆಯದು ಕಾನೂನು: ಸಾರ್ವಜನಿಕ ಆಸ್ತಿಯಿಂದ ಕೀಳುವುದಕ್ಕೆ ಅನುಮತಿ ಇಲ್ಲ. ಕಾನೂನು ಯಾವಾಗಲೂ ಹೀಗೇ ಇರಬೇಕೆಂದಿಲ್ಲ. ಇಂಗ್ಲೆಂಡಿನಲ್ಲಿ 1788ರವರೆಗೂ ಕೊಯ್ಲಾದ ಹೊಲದಲ್ಲಿ ತೆನೆ ಆಯುವುದು ತಮ್ಮ ಹಕ್ಕೆಂದು ಬಡವರು ನಂಬಿದ್ದರು. ಆ ವರ್ಷ ಮೇರಿ ಹೌಟನ್ ಎಂಬಾಕೆಯ ಮೇಲೆ ಹೊಲದ ಒಡೆಯ ಸ್ಟೀಲ್ ಹಾಕಿದ ದಾವೆಯಲ್ಲಿ ನ್ಯಾಯಾಲಯ, ಅಂಥ ಹಕ್ಕು ಯಾರಿಗೂ ಇಲ್ಲವೆಂದು ತೀರ್ಪಿತ್ತಿತು. ಅದೇ ದೇಶದಲ್ಲಿ ಇವತ್ತು ಅಕ್ಕನ ಮಗಳು ಟಿಕೆಟ್ ಕೊಟ್ಟು ಹೊಲಕ್ಕೆ ಹೋಗುತ್ತಾಳೆ. ಸ್ವೀಡನ್ನಿನಲ್ಲಿ ದಾರಿ ಬೇರೆಯಾಯಿತು. ಅಲ್ಲಿ ಯಾರ ಕಾಡಾದರೂ ಸರಿ, ಕಾಡುಹಣ್ಣು, ಅಣಬೆ ಕಿತ್ತುಕೊಳ್ಳುವ ಅವಕಾಶ ಎಲ್ಲರಿಗೂ ಇದೆ. ಬೇರೆಯವರ ತೋಟ, ಬೆಳೆ ಮುಟ್ಟುವಂತಿಲ್ಲ, ಅಷ್ಟೇ. 1994ರಲ್ಲಿ ಅದನ್ನು ಸಂವಿಧಾನಕ್ಕೂ ಸೇರಿಸಿಕೊಂಡರು.

ಅಷ್ಟು ದೂರ ಹೋಗುವುದೂ ಬೇಡ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿನ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತು. ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸುವುದು ಅವರ ಹಕ್ಕು. ಅದಕ್ಕಾಗಿ ಅವರು ವರ್ಷಗಟ್ಟಲೆ ಹೋರಾಡಿದರು. ಅದೇ 2011ರಲ್ಲಿ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರಿನ ಕೆರೆ, ಗೋಮಾಳಗಳು ಊರವರೆಲ್ಲರ ಬಳಕೆಗೆ ಇರುವುದೆಂದು ಎತ್ತಿಹಿಡಿದು, ಒತ್ತುವರಿ ತೆರವು ಮಾಡಿಸಿ ಎಂದು ರಾಜ್ಯಗಳಿಗೆ ಹೇಳಿತು. ಹುಲಿ ಇರುವ ಕಾಡಿನಲ್ಲಿ ಕೀಳುವುದು ಹಕ್ಕಾಗಬಹುದಾದರೆ, ಜಾಗಿಂಗ್ ಮಾಡುವವರಿರುವ ಕೆರೆಯಲ್ಲಿ ಒಂದು ಮಡಿಲು ಸೊಪ್ಪು ಏಕೆ ಅಪರಾಧ?

*

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಕೆರೆಯ ಬೋರ್ಡಿನಲ್ಲಿ 'ಗಿಡ ಕೀಳಬಾರದು' ಎಂದಿರುವಲ್ಲಿ 'ತಾನಾಗಿ ಬೆಳೆದ ಸೊಪ್ಪನ್ನು ಕೈಯಿಂದ, ಬೇರು ಬಿಟ್ಟು, ಮನೆ ಬಳಕೆಗೂ ತಲೆಹೊರೆಯ ಮಾರಾಟಕ್ಕೂ ಕೀಳಬಹುದು' ಎಂದಾಗಲಿ. ಯಂತ್ರ ಓಡಿಸುವ ಮೊದಲು ಒಂದು ವಾರ ಸೊಪ್ಪಿನವರಿಗೆ ತಿಳಿಸಲಿ. ನೆಟ್ಟ ಸಸಿ, ಹಕ್ಕಿ ಗೂಡು ಕಟ್ಟುವ ಜೊಂಡು ಮುಟ್ಟಬಾರದೆಂದು ಗುರುತು ಹಾಕಲಿ. ಕೆರೆಯ ಸಮಿತಿ ಕೂಡುವಾಗ ಪಕ್ಷಿ ವೀಕ್ಷಕರನ್ನು, ನಿವೃತ್ತ ಎಂಜಿನಿಯರರನ್ನು ಕರೆಯುವ ಹಾಗೆ ಸೊಪ್ಪಿನವರನ್ನೂ ಹುಲ್ಲಿನವರನ್ನೂ ಕರೆಯಲಿ. ಇದು ದಾನವಲ್ಲ. ಯಜಮಾನಿ ಹೂಂ ಎನ್ನುವವರೆಗೆ ಬದುವಿನಲ್ಲಿ ಕಾಯುವುದು ಮತ್ತೆ ಬೇಡ ಎಂದೇ ಇದು ಬೋರ್ಡಿನ ಮೇಲೆ ಬರಹದಲ್ಲಿ ಇರಬೇಕು ಎನ್ನುತ್ತಿದ್ದೇನೆ.

ವಿದ್ಯಾರ್ಥಿಗಳಾದ ಓದುಗರಿಗೆ ಒಂದು ಮಾತು. ದ್ರಾಕ್ಷಿ ತೋಟಕ್ಕೆ ಹೋಗಬೇಡಿ ಎನ್ನುವುದಿಲ್ಲ, ಹೋಗಿ. ರೈತನಿಗೆ ಹಣ ಕೊಡಿ. ಹಗ್ಗದಾಚೆಯವರನ್ನೂ ಮಾತಾಡಿಸಿ, ಮಾಗಿದ ಗೊಂಚಲನ್ನು ಹೇಗೆ ಗುರುತಿಸುತ್ತೀರಿ ಎಂದು ಅವರನ್ನೇ ಕೇಳಿ. ನಿಮ್ಮ ಬೀದಿಗೆ ಬೆರಕೆ ಸೊಪ್ಪು ತರುವವರು ಇನ್ನೂ ಇದ್ದರೆ ಚೌಕಾಸಿ ಬಿಟ್ಟು ಕೊಂಡು, ಕಟ್ಟು ಬಿಚ್ಚಿ, ಒಂದೊಂದರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಸಾಹಿತ್ಯ ಓದುವವರು ನೀವು. ಚಿಲಕರಿವೆ ಎಂಬ ಪದ ಪುಸ್ತಕದಲ್ಲಿ ಬಂದಾಗ ಎಲೆ ಕಣ್ಣಿಗೆ ಕಟ್ಟದಿದ್ದರೆ ಅಷ್ಟರ ಮಟ್ಟಿಗೆ ನಿಮ್ಮ ಭಾಷೆ ಕಡಿಮೆಯಾಯಿತು.

ಆ ಪ್ರಸಂಗವಾದ ಮೇಲೆ ಮೂರು ವಾರ ಅಜ್ಜಿ ನಮ್ಮ ರಸ್ತೆಗೆ ಬರಲಿಲ್ಲ. ನಾಲ್ಕನೆಯ ವಾರ ಬಂದಳು. 'ಎಲ್ಲಿಂದ ತಂದ್ರಿ ಅಜ್ಜಿ?' ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಗೇಟಿನಲ್ಲಿ ನಾನು ನಿಂತಿದ್ದದ್ದು ಅವಳಿಗೆ ನೆನಪಿತ್ತು ಎಂದು ಕಾಣುತ್ತದೆ. 'ದೂರದಿಂದ ಕಣಮ್ಮ' ಎಂದಷ್ಟೇ ಹೇಳಿದಳು. ಜಾಗದ ಹೆಸರು ಹೇಳಲಿಲ್ಲ. ಕಟ್ಟಿಗೆ ಹತ್ತು ರೂಪಾಯಿ ಹೆಚ್ಚು ಕೇಳಿದಳು. ಬಸ್ಸಿನಲ್ಲಿ ಸುತ್ತಿ ಬರುವ ಹೊತ್ತಿನ ಬೆಲೆ.

ಬೋರ್ಡು ಬದಲಿಸಿ ಎಂದು ಅರ್ಜಿ ಬರೆದಿದ್ದೇನೆ. ಬೇಲಿಯ ಅರ್ಜಿಗೆ ನಮಗೆ ಇನ್ನೂರಕ್ಕೂ ಹೆಚ್ಚು ಸಹಿ ಸಿಕ್ಕಿತ್ತು. ಇದಕ್ಕೆ ಇವತ್ತಿನವರೆಗೆ ಒಂಬತ್ತು. ಗುಂಪಿನಲ್ಲಿ ದ್ರಾಕ್ಷಿಯ ಫೋಟೊ ಹಾಕಿದ್ದವರ ಮನೆಗೂ ನಾಳೆ ಹೋಗುತ್ತೇನೆ.